ಗೋಡೆಗೆ ಮುಖಮಾಡಿ ಕೂಗಿದ ಪದಗಳು

ಅಮೆರಿಕದ ರಾಕ್‌ವಿಲ್‌ನಲ್ಲಿ ನನಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕ ಮೊದಲ ಶನಿವಾರ, ಕೋಚಿಂಗ್ ಸೆಂಟರಿನ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ಹೆಂಗಸೊಬ್ಬಳು ಇಟ್ಟಿಗೆ ಗೋಡೆಗೆ ಮುಖಮಾಡಿ ನಿಂತು ಕಿರುಚುತ್ತಿದ್ದಳು. ಹತ್ತಿರ ಹೋಗಿ ಕೇಳಿಸಿಕೊಂಡರೆ, ಮಿತಭಾಷಿ ಎಂಬರ್ಥದ ‘ಲ್ಯಾಕಾನಿಕ್’ ಪದವನ್ನು ಗಂಟಲು ಹರಿಯುವಂತೆ ಕೂಗುತ್ತಿದ್ದಾಳೆ!

ಅವಳೇ ಲಿನ್, ನನ್ನ ವಿದ್ಯಾರ್ಥಿನಿ. ಚೀನಾದಲ್ಲಿ ನರ್ಸ್ ಆಗಿದ್ದವಳು ಇಲ್ಲಿ ವಯಸ್ಸಾದವರಿಗೆ ಸ್ನಾನ ಮಾಡಿಸುವ ಕೆಲಸದಲ್ಲಿದ್ದಳು. ಇಂಗ್ಲಿಷ್ ಪರೀಕ್ಷೆ ದಾಟಿದರೆ ಮಾತ್ರ ಮತ್ತೆ ನರ್ಸ್; ಈ ಸಲವೂ ಆಗದಿದ್ದರೆ ವಾಪಸ್ ಹೋಗುವುದೆಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. ಬೆಳಗಿನ ಗಟ್ಟಿ ಓದಿಗೆ ಅವರ ಭಾಷೆಯಲ್ಲಿ ‘ಜಾವೊದೂ’ ಎನ್ನುತ್ತಾರಂತೆ. ಅಲ್ಲಿ ಶಾಲೆಯ ಅಂಗಳದ ತುಂಬ ಮಕ್ಕಳು ಹೀಗೇ ನಿಂತು ಓದುತ್ತಾರಂತೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮಗ್ಗಿ ಒಪ್ಪಿಸುತ್ತಾ ಬೆಳೆದ ನನಗೆ ಅದು ಅರ್ಥವಾಗದೆ ಇದ್ದೀತೇ? ಮುಂದಿನ ವಾರದಿಂದ ನಾನೂ ಪಕ್ಕದಲ್ಲಿ ನಿಂತು ಉಚ್ಚಾರ ತಿದ್ದತೊಡಗಿದೆ. ಮಾಸ್ಕ್ ಹಾಕುವ ಕಾಲ ಆಗಷ್ಟೇ ಮುಗಿದಿತ್ತು. ಹಿಜಾಬ್ ಸುತ್ತಿದ ನಾನು, ಇನ್ನೂ ಮಾಸ್ಕ್ ಬಿಡದ ಅವಳು, ಇಬ್ಬರೂ ಗೋಡೆಗೆ ಮುಖಮಾಡಿ ಕೂಗಾಡುವ ನೋಟವನ್ನು ನೀವೇ ಊಹಿಸಿಕೊಳ್ಳಿ.

ನೆರೆಯವರು ಯಾರೋ ಏನೇನೋ ಊಹಿಸಿಕೊಂಡು ಫೋನ್ ಮಾಡಿಯೇಬಿಟ್ಟಿದ್ದರು. ಪೊಲೀಸ್ ಕಾರು ಬಂತು. ಸಹಾಯ ಏನಾದರೂ ಬೇಕೇ ಎಂದು ಅಧಿಕಾರಿ ಮೆಲ್ಲಗೇ ಕೇಳಿದ. ಲಿನ್ ಬಿಳಿಚಿಕೊಂಡು ಎರಡೂ ಕೈ ಮೇಲೆತ್ತಿದಳು. ಅಷ್ಟೆಲ್ಲ ದೊಡ್ಡ ಪದ ಬಲ್ಲವಳ ಬಾಯಿಂದ ‘ಸ್ಟಡಿ’ ಎಂಬುದೂ ಹೊರಡಲಿಲ್ಲ. ನಾನೇ ವಿವರಿಸಿದೆ, ಆತ ನಕ್ಕು, ಪರೀಕ್ಷೆಗೆ ಶುಭ ಹಾರೈಸಿ ಹೋದ. ಆದರೆ ಮೇಲೆತ್ತಿದ ಆ ಕೈಗಳು ನನ್ನನ್ನು ಬೆಚ್ಚಿಬೀಳಿಸಿದವು. ಓದಿದ್ದಕ್ಕೆ ಯಾರಾದರೂ ಕೈ ಎತ್ತುತ್ತಾರೆಯೇ? ನಮ್ಮ ಮನೆಯಲ್ಲಿ ಓದುವ ದನಿ ನಿಂತರೆ ಅಮ್ಮ ಅಡುಗೆಮನೆಯಿಂದಲೇ ಗದರುತ್ತಿದ್ದರು. ಇಲ್ಲಿ ದನಿ ಕೇಳಿಸಿದ್ದೇ ತಪ್ಪಾಯಿತು.

ಅವತ್ತಿನಿಂದ ಲಿನ್ ಬಾಯಿ ಮುಚ್ಚಿಕೊಂಡು ಓದತೊಡಗಿದಳು. ಒಂದು ಪದವೂ ತಲೆಯಲ್ಲಿ ನಿಲ್ಲಲಿಲ್ಲ, ಅಂಕಗಳು ಇಳಿಯುತ್ತಾ ಹೋದವು. ಮನೆಯಲ್ಲಿ ಈ ಗೋಳು ಹೇಳಿಕೊಂಡಾಗ ನನ್ನವರು, “ಅದಕ್ಕೇನು, ಕಾರ್ ಒಳಗೆ ಕೂತ್ಕೊಂಡು ಪ್ರಾಕ್ಟೀಸ್ ಮಾಡಿ. ವಿಂಡೋ ಕ್ಲೋಸ್ ಮಾಡ್ಕೊಂಡ್ರೆ ಯಾರಿಗೆ ಕೇಳ್ಸುತ್ತೆ?” ಎಂದರು. ಹಾಗೇ ಮಾಡಿದೆವು. ಚಳಿಗಾಲವಿಡೀ, ಗಾಜೆಲ್ಲ ನಮ್ಮ ಉಸಿರಿಗೆ ಮಬ್ಬಾಗುವಷ್ಟು ಕೂಗಿದೆವು.

ವಸಂತದಲ್ಲಿ ಫಲಿತಾಂಶ ಬಂತು. ಲಿನ್ ನನ್ನನ್ನು ಹುಡುಕಿಕೊಂಡು ಪಾರ್ಕಿಂಗ್ ಲಾಟಿಗೆ ಬಂದಳು. ಸುತ್ತಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅತ್ತಿತ್ತ ನೋಡಿ, ನನ್ನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದಳು: “ಟೀಚರ್, ಪಾಸಾದೆ.”

ನನಗೆ ಅಳುವೇ ಬಂತು. ನಾನೂ ಅಷ್ಟೇ ಮೆಲ್ಲಗೆ ಅಭಿನಂದಿಸಿದೆನೆಂಬುದು ಕಾರು ಹತ್ತಿದ ಮೇಲೆ ಹೊಳೆಯಿತು. ಸಂತೋಷ ತಡೆಯದೆ ಮೈಸೂರಿಗೆ ಫೋನ್ ಮಾಡಿ ಅಕ್ಕನಿಗೆ ಸುದ್ದಿ ಹೇಳಿದೆ. ಅವಳಿಗೆ ಏನೂ ಕೇಳಿಸಿರಲಿಲ್ಲ.

“ಜೋರಾಗಿ ಮಾತಾಡೇ. ಅಲ್ಲಿ ಯಾರಾದ್ರೂ ಮಲಗಿದ್ದಾರಾ?”

ಕಾರಿನ ಗಾಜು ಏರಿಸಿಕೊಂಡು ಮತ್ತೊಮ್ಮೆ ಹೇಳಿದೆ.