ಭಾವನ ಎಡಗೈ

ನಾವೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ನನಗಿಂತ ಚಿಕ್ಕವಳು, ಆದರೂ ನನ್ನ ಬಾಯಲ್ಲೂ ಅಕ್ಕನೇ. ಮಣ್ಣು ಅಗೆಯುವ ಯಂತ್ರಗಳಿಗೆ ಡ್ರೈವರ್ ಕೂರುವ ಕ್ಯಾಬಿನ್ ಮಾಡುವ ಕಂಪನಿ ನಮ್ಮದು. ಆ ಕ್ಯಾಬಿನ್‌ಗಳನ್ನು ಕಂಪ್ಯೂಟರಿನಲ್ಲಿ, ಕ್ಯಾಡ್ ಎಂಬ ಸಾಫ್ಟ್‌ವೇರಿನಲ್ಲಿ ಬಿಡಿಸುವುದು ಅವಳ ಕೆಲಸ. ಪಕ್ಕದ ಮೇಜು ನನ್ನದು. ಅವಳು ಮಾತಾಡಿದರೆ ಮುತ್ತು ಉದುರೀತು, ನಾನು ಮಾತಾಡಿದರೆ ಮೂರು ಕೋಣೆಗೆ ಕೇಳುತ್ತದೆ. ಹೇಗೋ ಹೊಂದಿಕೊಂಡಿದ್ದೆವು.

ಮೊದಲೆಲ್ಲ ಕ್ಯಾಬಿನ್ ಸರಿಯಿದೆಯೋ ಇಲ್ಲವೋ ತಿಳಿಯಲು ಹಲಗೆಯಲ್ಲಿ ಮಾದರಿ ಹೊಡೆದು, ಯಾರನ್ನಾದರೂ ಹಿಡಿದು ತಂದು ಕೂರಿಸಬೇಕಿತ್ತು. ಕ್ಯಾಡ್ ಬಂದ ಮೇಲೆ ಪರದೆಯೊಳಗೇ ಒಬ್ಬ ಮನುಷ್ಯ ಬಂದು ಕೂತ. ಬೂದು ಮೈ, ಮುಖವಿಲ್ಲ. ಕೈ ಚಾಚು ಎಂದರೆ ಚಾಚುತ್ತಾನೆ. ಎಟುಕದಿದ್ದರೆ ಆ ಕೀಲು ಕೆಂಪಾಗುತ್ತದೆ. ಅವನ ಅಳತೆಯೆಲ್ಲ ಅಕ್ಕನ ಗಂಡನದು. ಗಂಡ ನಮ್ಮಲ್ಲೇ ಹೊಸ ಯಂತ್ರಗಳನ್ನು ಓಡಿಸಿ ನೋಡುವ ಡ್ರೈವರ್ ಆಗಿದ್ದ. ಮೈತುಂಬ ಹೊಳೆಯುವ ಚುಕ್ಕೆ ಅಂಟಿಸಿಕೊಂಡು ಕ್ಯಾಮೆರಾಗಳ ನಡುವೆ ಕೂತು, ಬಾಗಿ, ಕೈಯೆತ್ತಿ ತೋರಿಸಿದ್ದ. ಅವನ ಮೈ ಅವತ್ತು ಎಷ್ಟು ಬಾಗಿತೋ ಪರದೆಯ ಮೈಯೂ ಅಷ್ಟೇ ಬಾಗುವುದು. ಅಕ್ಕನ ಗಂಡ ಎಂದಮೇಲೆ ಪರದೆಯವನು ನಮಗೆಲ್ಲ ಭಾವ. ಭಾವನ್ನ ಸ್ವಲ್ಪ ಹಿಂದಕ್ಕೆ ಕೂರಿಸು, ಭಾವನ ತಲೆ ತಾಗ್ತಿದೆ ನೋಡು, ದಿನವಿಡೀ ಇದೇ ಮಾತು. ಗಂಡನೂ ಬಂದು ನೋಡಿ, ನನಗಿಂತ ಇವನೇ ವಾಸಿ, ಹೆಂಡತಿ ಹೇಳಿದ ಹಾಗೆ ಕೇಳುತ್ತಾನೆ ಎಂದು ನಗುತ್ತಿದ್ದ.

ಆ ವರ್ಷವೇ ಗಂಡ ಹೋಗಿಬಿಟ್ಟ. ಎಡಭುಜದಲ್ಲಿ ಶುರುವಾದ ಗಡ್ಡೆ, ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು.

ಅಕ್ಕ ಕೆಲಸಕ್ಕೆ ಮರಳಿದ ದಿನ ನನಗೆ ಜೀವವೇ ಬಾಯಿಗೆ ಬಂದಿತ್ತು. ಅವಳು ಕಂಪ್ಯೂಟರ್ ಹಾಕಿದಳು, ಭಾವ ಬಂದು ಕೂತ. ಆ ಸಾಫ್ಟ್‌ವೇರಿಗೆ ಒಂದು ಚಾಳಿಯಿದೆ. ಸುಮ್ಮನೆ ಬಿಟ್ಟರೆ ಒಳಗಿನವನು ಉಸಿರಾಡುವವನಂತೆ ಚೂರು ಅಲುಗುತ್ತಾನೆ. ಬೇರೆ ಅಳತೆ ಹಾಕಿಕೊಡೋಣ ಎಂದು ಮ್ಯಾನೇಜರ್ ಕೇಳಿದರೆ ಅಕ್ಕ ಬೇಡವೆಂದಳು. ಅವರು ಅಲುಗಾಡೋದು ಇಲ್ಲೊಂದೇ ಕಡೆ, ಇರಲಿ ಬಿಡಿ ಎಂದಳಂತೆ. ಒಂದು ಮಧ್ಯಾಹ್ನ ನಾನು ಬೇಗ ಊಟ ಮುಗಿಸಿ ಬಂದರೆ ಇಡೀ ಹಾಲ್ ಖಾಲಿ, ಅವಳೊಬ್ಬಳೇ ಡಬ್ಬಿ ಬಿಚ್ಚಿ ಕೂತಿದ್ದಳು. ಭಾವನನ್ನು ಕ್ಯಾಬಿನ್ನಿನಿಂದ ಹೊರತೆಗೆದು, ತನ್ನ ಕಡೆ ತಿರುಗಿಸಿ ಕೂರಿಸಿಕೊಂಡಿದ್ದಳು. ಮುಖವಿಲ್ಲದ ಆ ತಲೆ ಅವಳ ಡಬ್ಬಿಯ ಕಡೆ ಬಗ್ಗಿತ್ತು. ನನ್ನ ಮೈ ಜುಮ್ಮೆಂದಿತು. ಏನೋ ಮರೆತವಳಂತೆ ಹೊರಗೆ ನಡೆದೆ. ಅವತ್ತಿನಿಂದ ಭಾವನ ತಮಾಷೆ ನಮ್ಮಲ್ಲಿ ನಿಂತೇಹೋಯಿತು.

ಆಮೇಲೆ ಹೊಸ ಸಾಫ್ಟ್‌ವೇರ್ ಬಂತು. ಇದರಲ್ಲಿ ನಾವು ಬಿಡಿಸುವುದೇ ಬೇಡ. ಕೂರುವವನು ಇಂಥವನು, ಕೆಲಸ ಇಂಥದ್ದು ಎಂದು ಹೇಳಿದರೆ ಸಾಕು, ತಾನೇ ನೂರಾರು ಕ್ಯಾಬಿನ್ ಹೆಣೆದು ಒಳ್ಳೆಯದನ್ನು ಆರಿಸಿ ಕೊಡುತ್ತದೆ. ಕೂರುವವನೆಂದು ನಾವು ಕೊಟ್ಟದ್ದು ಭಾವನನ್ನೇ. ಕೊಟ್ಟದ್ದರಲ್ಲೆಲ್ಲ ಒಂದು ವಿಚಿತ್ರ ಇತ್ತು. ಮಣ್ಣೆತ್ತುವ ಬಕೆಟ್ಟಿನ ಲಿವರ್ ನಮ್ಮ ಹಳೆಯ ಕ್ಯಾಬಿನ್‌ಗಳಲ್ಲೆಲ್ಲ ಎಡಗಡೆ ಎತ್ತರದಲ್ಲಿರುತ್ತದೆ. ಇಲ್ಲಿ ಸೀಟಿನ ಪಕ್ಕಕ್ಕೆ, ತೊಡೆಯ ಹತ್ತಿರಕ್ಕೆ ಇಳಿದಿತ್ತು. ಮ್ಯಾನೇಜರ್ ಹಿರಿಹಿರಿ ಹಿಗ್ಗಿದರು. ಮನುಷ್ಯನ ತಲೆಗೆ ಹೊಳೆಯದ್ದು ಯಂತ್ರಕ್ಕೆ ಹೊಳೆಯಿತು ಎಂದು ಹೊರಗಿನವರನ್ನೆಲ್ಲ ಕರೆದು ತೋರಿಸಿದರು.

ಮೊದಲ ಕ್ಯಾಬಿನ್ ತಯಾರಾದಾಗ ಓಡಿಸಲು ಹತ್ತಿದವನು ಅಕ್ಕನ ಮೈದುನ. ಅಣ್ಣನ ಜಾಗಕ್ಕೆ ಸೇರಿದವನು, ಅವಳೇ ಮಗನಂತೆ ಸಾಕಿದವನು. ಕೆಲಸವೇನೋ ಸರಾಗ ನಡೆಯಿತು. ಇಳಿಯಲೆಂದು ಏಳುವಾಗ ಮಂಡಿ ಲಿವರಿಗೆ ಬಡಿದು, ಎತ್ತಿದ್ದ ಬಕೆಟ್ ಧಡ್ಡನೆ ಬಿತ್ತು. ಕೆಳಗಿದ್ದ ಮೆಕ್ಯಾನಿಕ್ ಕೂದಲೆಳೆಯಲ್ಲಿ ಪಾರಾದ. ಪರದೆಯಲ್ಲಿ ನಾವು ಭಾವನನ್ನು ಕೂರಿಸಿ ನೋಡಿದ್ದೆವೇ ಹೊರತು ಒಮ್ಮೆಯೂ ಎಬ್ಬಿಸಿ ನೋಡಿರಲಿಲ್ಲ. ಮ್ಯಾನೇಜರ್ ಹುಡುಗನದೇ ತಪ್ಪು, ಕೆಲಸದಿಂದ ತೆಗೆಯುತ್ತೇನೆ ಎಂದು ಕೂತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಎಂದು ನಾನು ಅವರೆದುರೇ ಅಂದೆ. ಅವರು ನನ್ನನ್ನು ಕೋಣೆಯಿಂದ ಆಚೆ ಕಳಿಸಿದರು.

ಅಕ್ಕ ಮಾತ್ರ ಲಿವರ್ ಯಾಕೆ ಅಷ್ಟು ಕೆಳಗಿಳಿಯಿತು ಎಂದು ಹುಡುಕಲು ಕೂತಳು. ಭಾವನ ಎಡಗೈ ಎದೆಯಿಂದ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ. ಹಳೆಯ ಕ್ಯಾಬಿನ್‌ಗಳಲ್ಲಿ ಲಿವರಿನ ಜಾಗ ಮೊದಲೇ ನಿಗದಿ, ಎಡಗೈ ಚಾಚಿಸಿ ಯಾರೂ ನೋಡಿರಲಿಲ್ಲ. ಅವಳು ಅಳತೆ ತೆಗೆದ ದಿನದ ರೆಕಾರ್ಡಿಂಗ್ ಹಾಕಿದಳು.

ಅದರಲ್ಲಿ ಮೈ ಇಲ್ಲ, ಕಪ್ಪು ಪರದೆಯ ಮೇಲೆ ಬರೀ ಚುಕ್ಕೆಗಳು. ಆದರೆ ಆ ಚುಕ್ಕೆಗಳು ನಡೆದು ಬಂದ ಕೂಡಲೇ ನನಗೆ ಗುರುತು ಸಿಕ್ಕಿತು. ಅದೇ ಎಳೆದು ಇಡುವ ಹೆಜ್ಜೆ, ಅದೇ ವಾಲಿದ ತಲೆ. ಬಲಗಡೆಯ ಚುಕ್ಕೆಗಳು ಸಲೀಸಾಗಿ ಮೇಲೆ ಹೋದವು. ಎಡಗಡೆಯವು ಎದೆಯ ಮಟ್ಟಕ್ಕೆ ಬಂದು, ಅಲ್ಲೇ ನಿಂತು ನಡುಗತೊಡಗಿದವು. ಎಷ್ಟೋ ಹೊತ್ತು ನಡುಗಿದವು.

"ನಾಟಕ ಸಾಕು, ನೆಟ್ಟಗೆ ಎತ್ರಿ ಅಂದಿದ್ದೆ. ಇಷ್ಟೇ ಕಣೇ ಬರೋದು ಅಂತ ನಕ್ಕಿದ್ರು," ಅಂದಳು ಅಕ್ಕ. "ಎಷ್ಟು ದಿನದಿಂದ ನೋವು ಅಂತ ಡಾಕ್ಟರ್ ಕೇಳಿದಾಗ, ಮೊನ್ನೆಯಿಂದ ಅಂದಿದ್ರು."

 ನಾವೆಲ್ಲ ಬೆನ್ನು ತಟ್ಟಿಕೊಂಡ ಆ ಹೊಸತನ ಒಬ್ಬ ಸಾಯುತ್ತಿದ್ದವನ ನೋವಾಗಿತ್ತು.

ಮೈದುನನನ್ನು ಉಳಿಸಬೇಕಾದರೆ ಇದನ್ನು ಹೇಳಬೇಕು. ಹೇಳಿದರೆ ಭಾವನ ಕೈ ತಿದ್ದಬೇಕು. ಅಕ್ಕ ಹೋಗಿ ಹೇಳಿದಳು. ಮ್ಯಾನೇಜರ್ ಒಪ್ಪಿಕೊಂಡರು. ಹುಡುಗ ಇರಲಿ, ಭುಜ ಎಲ್ಲರ ಭುಜದಂತೆ ಮಾಡಿ ಮತ್ತೆ ಕ್ಯಾಬಿನ್ ಹೆಣೆಸಿ ಎಂದರು.

ನಾನು ಮಾಡಿಕೊಡುತ್ತೇನೆ, ನೀನು ಮನೆಗೆ ಹೋಗು ಎಂದರೆ ಅವಳು ಕೇಳಲಿಲ್ಲ. ಭುಜದ ಮಿತಿಯನ್ನು ಅಳಿಸಿ ಹೊಸದನ್ನು ಬರೆದಳು. ಬೇರೆ ದಿನ ಕೀಲಿ ಒತ್ತಿದ ಕೂಡಲೇ ಹೇಳಿದಲ್ಲಿಗೆ ಹಾರುವ ಕೈ ಅವತ್ತು ನಿಧಾನವಾಗಿ ಎದ್ದಿತೋ, ನನ್ನ ಕಣ್ಣಿಗೇ ಹಾಗೆ ಕಂಡಿತೋ, ಹೇಳಲಾರೆ. ಎದೆಯ ಮಟ್ಟ ದಾಟಿತು, ಕಿವಿಯ ಮಟ್ಟ ದಾಟಿತು, ತಲೆಯ ಮೇಲೆ ನೆಟ್ಟಗೆ ನಿಂತಿತು.

ಅಕ್ಕ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ರೀ," ಅಂದಳು, ತುಂಬ ಮೆಲ್ಲಗೆ. "ಈಗ ನೋವಿಲ್ವಾ?"

ಕೇಳಿ, ಉತ್ತರಕ್ಕೆ ಕಾಯುತ್ತ ಕೂತಳು.