ಗುಲಾಬಿ ಬಣ್ಣ ಮಾಯವಾದ ನೀರು

ಕುರೆಕುಪ್ಪದ ಭೀಮವ್ವನ ಮಗಳು ಅನುಸೂಯಾಗೆ ಮೂಗಿನ ತುದಿಯಲ್ಲೇ ಸಿಟ್ಟು. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಸಿಟ್ಟು, ಬಸ್ಸು ತಡವಾದರೂ ಸಿಟ್ಟು. ಆದರೆ ಕೆಲಸದ ವಿಷಯಕ್ಕೆ ಬಂದರೆ ಹುಡುಗಿಯನ್ನು ಬೊಟ್ಟು ಮಾಡಿ ತೋರಿಸುವ ಹಾಗಿರಲಿಲ್ಲ. ತಾಯಿ ಕಂಡವರ ಹೊಲದಲ್ಲಿ ಕಳೆ ಕಿತ್ತು ಓದಿಸಿದಳು. ಮಗಳು ಹೊಸಪೇಟೆಯಲ್ಲಿ ಬಿ.ಎಸ್ಸಿ. ಮುಗಿಸಿ, ಊರ ಹತ್ತಿರದ ವಿದ್ಯುತ್ ಸ್ಥಾವರದ ಲ್ಯಾಬಿಗೆ ಕೆಮಿಸ್ಟ್ ಆಗಿ ಸೇರಿದಳು. "ನಮ್ಮಾಕಿ ಕರೆಂಟ್ ಮಾಡ್ತಾಳ" ಎಂದು ಭೀಮವ್ವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು. "ಕರೆಂಟ್ ಅಲ್ಲಬೇ, ನೀರು ನೋಡ್ತೀನಿ" ಎಂದು ಮಗಳು ಎಷ್ಟು ಸಲ ಹೇಳಿದರೂ ಕೇಳುವವರು ಯಾರು?

ನೀರು ನೋಡುವುದೆಂದರೆ ಹೀಗೆ. ಸ್ಥಾವರವನ್ನು ತಂಪು ಮಾಡುವ ನೀರಿನಲ್ಲಿ ಪಾಚಿ ಕಟ್ಟದಿರಲಿ ಎಂದು ಕ್ಲೋರಿನ್ ಹಾಕುತ್ತಾರೆ. ಆ ನೀರು ಹೊರಗೆ ಹೋಗುವ ಮುಂಚೆ, ಕ್ಲೋರಿನ್ ಕೊಲ್ಲುವ ಔಷಧವನ್ನು ಸಣ್ಣ ಪಂಪೊಂದು ಹನಿಹನಿಯಾಗಿ ಬೆರೆಸುತ್ತದೆ. ಕೊನೆಗೆ ಅನುಸೂಯಾ ಗಾಜಿನ ಕೊಳವೆಯಲ್ಲಿ ಒಂದಿಷ್ಟು ನೀರು ಹಿಡಿದು ಪರೀಕ್ಷೆಯ ಗುಳಿಗೆ ಹಾಕುತ್ತಾಳೆ. ಗುಲಾಬಿ ಬಣ್ಣ ಬಂದರೆ ಕ್ಲೋರಿನ್ ಇನ್ನೂ ಇದೆ, ನೀರು ಬಿಡುವ ಗೇಟು ತೆಗೆಯುವ ಹಾಗಿಲ್ಲ. ಬಣ್ಣ ಬರದಿದ್ದರೆ ನೀರು ಕಾಲುವೆಗೆ, ಅಲ್ಲಿಂದ ಊರಾಚೆಯ ಕೆರೆಗೆ. ಆ ಕೆರೆಯಲ್ಲಿ ಅವಳ ಸೋದರಮಾವ ಕಾಳಪ್ಪ ಮೊದಲ ಸಲ ಮೀನುಮರಿ ಬಿಟ್ಟಿದ್ದ. ಗಣಿ ಲಾರಿ ಓಡಿಸಿ ಓಡಿಸಿ ಸೊಂಟ ಬಿದ್ದುಹೋದ ಮನುಷ್ಯ; ಇನ್ನು ಇದೇ ಅವನ ಬದುಕು.

ಹೋದ ಬೇಸಿಗೆಯ ಒಂದು ಬೆಳಿಗ್ಗೆ. ಪಾಚಿ ಹೆಚ್ಚಾಗಿದೆಯೆಂದು ಹಿಂದಿನ ಪಾಳಿಯವರು ಕ್ಲೋರಿನ್ ಜಾಸ್ತಿ ಬಿಟ್ಟಿದ್ದರು. ಅನುಸೂಯಾ ಗುಳಿಗೆ ಹಾಕಿದಳು. ಬಣ್ಣ ಹಾಗೆ ಮಿಂಚಿ ಹೀಗೆ ಹೋಯಿತು. ಉಳಿದದ್ದು ತಿಳಿನೀರು. ಕಣ್ಣಿಗೆ ಬಿಸಿಲು ಹೊಡೆದಿರಬೇಕು ಅಂದುಕೊಂಡು ಗೇಟು ತೆಗೆಸಿ ಚಹಾಕ್ಕೆ ಹೋದಳು.

ವಾಪಸ್ ಬರುವ ದಾರಿಯಲ್ಲಿ ಮೀನಿನ ತೊಟ್ಟಿ. ಹೊರಹೋಗುವ ನೀರನ್ನೇ ಹಾಯಿಸಿದ ತೊಟ್ಟಿ ಅದು. ನೋಡಲು ಬಂದ ದೊಡ್ಡವರಿಗೆ "ನಮ್ಮ ನೀರಾಗ ಮೀನು ಬದುಕ್ತಾವ" ಎಂದು ತೋರಿಸಲು ಇಟ್ಟದ್ದು. ಒಂದೆರಡು ಸತ್ತರೆ ಹೊಸಪೇಟೆಯಿಂದ ಬೇರೆ ತಂದು ಬಿಡುವುದು ಅಲ್ಲಿಯ ರೂಢಿ. ಯಾಕೆ ಸತ್ತವು ಅಂತ ಕೇಳುವ ಪುರುಸೊತ್ತು ಯಾವ ಪುಣ್ಯಾತ್ಮನಿಗೂ ಇರಲಿಲ್ಲ. ಇವತ್ತು ಎಲ್ಲ ಮೀನೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

"ಸೆಕೆಗೆ ಹಂಗಾಗ್ಯಾವ. ಟೆಸ್ಟ್ ಕ್ಲಿಯರ್ ಐತಲ್ರಿ? ಬೇರೆ ತರಿಸೋಣ ಬಿಡ್ರಿ," ಎಂದ ಅಲ್ಲೇ ನಿಂತಿದ್ದ ಅವಳ ಮೇಲಧಿಕಾರಿ ಮನೋಹರ್.

ಅವಳಿಗೆ ತಟ್ಟನೆ ಹೊಳೆಯಿತು. ಹಾಗೆ ಮಿಂಚಿ ಹೀಗೆ ಹೋದ ಆ ಬಣ್ಣ! ಓಡಿಹೋಗಿ ಅದೇ ನೀರನ್ನು ಚೂರು ತೆಗೆದುಕೊಂಡು, ಅದಕ್ಕೆ ಬೇಕಾದಷ್ಟು ಶುದ್ಧ ನೀರು ಬೆರೆಸಿ, ಮತ್ತೆ ಗುಳಿಗೆ ಹಾಕಿದಳು. ಕೊಳವೆ ಬೀಟ್‌ರೂಟ್ ಪಲ್ಯದ ಹಾಗೆ ಕೆಂಪಾಯಿತು. ಕ್ಲೋರಿನ್ ಇಲ್ಲವೆಂದು ಬಣ್ಣ ಹೋದದ್ದಲ್ಲ. ವಿಪರೀತ ಇದ್ದದ್ದಕ್ಕೆ ಬಂದ ಬಣ್ಣವನ್ನೂ ಅದೇ ತಿಂದುಹಾಕಿತ್ತು. ಕಾಲೇಜಿನಲ್ಲಿ ಓದಿದ್ದಳು, ಪರೀಕ್ಷೆ ಬರೆದು ಮರೆತಿದ್ದಳು.

ತಕ್ಷಣ ಗೇಟು ಮುಚ್ಚಿಸಿದಳು. ಆದರೆ ಬಿಟ್ಟ ನೀರು ಆಗಲೇ ಕಾಲುವೆ ಹಿಡಿದು ಕೆರೆಯ ಕಡೆ ಹೊರಟಿತ್ತು. ಮೊಬೈಲ್ ತೆಗೆದಳು.

"ಹೊರಗ ಫೋನ್ ಮಾಡಬ್ಯಾಡ್ರಿ," ಎಂದ ಹಿಂದೆಯೇ ಬಂದ ಮನೋಹರ್, ದನಿ ತಗ್ಗಿಸಿ. "ಗೇಟ್ ತೆಗೆಸಿದವ್ರು ನೀವು. ನಿಮ್ಮ ಕೆಲಸಕ್ಕ ಕುತ್ತು ಬರ್ತೈತಿ."

ಅವನು ಹೇಳಿದ್ದು ಸುಳ್ಳಲ್ಲ. ಅವಳಿಗೆ ಅವ್ವನ ಮುಖ ಕಣ್ಮುಂದೆ ಬಂತು. ಆಮೇಲೆ ಆ ಹಾಳಾದ ಸಿಟ್ಟು ಬಂತು ನೋಡಿ, ಈ ಸಲ ತನ್ನ ಮೇಲೇ. "ಹೋದ್ರ ಹೋಗ್ಲಿ ಸರ್" ಎಂದವಳೇ ನಂಬರ್ ಒತ್ತಿದಳು.

"ಮಾವ, ಜಲ್ದಿ ಕಾಲುವಿಗೆ ಒಡ್ಡು ಹಾಕು. ನೀರಾಗ ಕ್ಲೋರಿನ್ ಭಾಳ ಐತಿ, ಮೀನು ಸಾಯ್ತಾವ. ನಾನ ತಪ್ಪಿ ಬಿಡಿಸೀನಿ."

ಆ ಕಡೆ ಕಾಳಪ್ಪ ಯಾರನ್ನೋ ಕೂಗಿ ಕರೆದದ್ದು, ಸಲಿಕೆ ಎಲ್ಲಿ ಎಂದು ಬೈದದ್ದು ಕೇಳಿಸಿತು. ಫೋನು ಕಟ್ಟಾಯಿತು.

ಇತ್ತ ಔಷಧದ ಪಂಪು ಗುರ್ ಅನ್ನುತ್ತಲೇ ಇತ್ತು. ಪೈಪಿನಲ್ಲಿ ಮಾತ್ರ ಉಪ್ಪುಗಟ್ಟಿ ಒಂದು ಹನಿಯೂ ಮುಂದೆ ಹೋಗುತ್ತಿರಲಿಲ್ಲ. ಅದನ್ನು ಬಿಚ್ಚಿ ತೊಳೆದವನು ಮನೋಹರನೇ. ಇಸ್ತ್ರಿ ಅಂಗಿ ಹಾಳಾದರೂ ಬಿಡಲಿಲ್ಲ. ಮೇಲಿನವರು ಕರೆಸಿ ಕೇಳಿದಾಗ, "ನಾನೂ ಕ್ಲಿಯರ್ ಅಂದಿದ್ದೆ" ಎಂದು ಅವಳ ಪಕ್ಕ ನಿಂತ. ಇಬ್ಬರಿಗೂ ಸರಿಯಾಗಿ ಮಂಗಳಾರತಿ ಆಯಿತು, ಕೆಲಸ ಉಳಿಯಿತು. ಈಗ ಆ ಲ್ಯಾಬಿನಲ್ಲಿ ನೀರು ತಿಳಿಯಾಗಿ ಕಂಡರೆ, ಅದಕ್ಕೆ ಶುದ್ಧ ನೀರು ಬೆರೆಸಿ ಇನ್ನೊಮ್ಮೆ ನೋಡದೆ ಯಾರೂ ಗೇಟು ಮುಟ್ಟುವುದಿಲ್ಲ. ತೊಟ್ಟಿಯಲ್ಲಿ ಒಂದು ಮೀನು ಸತ್ತರೂ ಮೊದಲು ಅನುಸೂಯಾಗೆ ಹೇಳಬೇಕು.

ಅವತ್ತು ಒಡ್ಡಿನ ಹಿಂದೆ ನಿಂತ ನೀರಿನ ಕ್ಲೋರಿನ್ ಬಿಸಿಲಿಗೆ ಹಾರಿಹೋಗುವ ತನಕ ಅವಳು ಕಾಲುವೆ ದಂಡೆಯ ಮೇಲೆ ಕೊಳವೆ ಹಿಡಿದು ಕೂತಿದ್ದಳು. ಕೆರೆಗೆ ಒಂದು ಬೊಗಸೆಯೂ ಹೋಗಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಕಾಳಪ್ಪ ಮೊದಲ ಬಲೆ ಎಳೆದ. ದೊಡ್ಡದೊಂದು ಕಾಟ್ಲಾ ಮೀನು ಹಿಡಿದುಕೊಂಡು ತಂಗಿಯ ಮನೆಗೆ ಬಂದ. ಭೀಮವ್ವ ಸಾರು ಮಾಡಿ ಬಡಿಸಿದಳು. ಅನುಸೂಯಾ ಮಾತ್ರ ತಟ್ಟೆ ಮುಂದಿಟ್ಟುಕೊಂಡು ತುತ್ತು ಎತ್ತದೆ ಕೂತಿದ್ದಳು.

"ಯಾಕ, ಉಣ್ಣವಲ್ಲಿ?" ಎಂದ ಮಾವ.

"ಇವನ್ನೆಲ್ಲ ಅವತ್ತು ನಾನ ಕೊಲ್ತಿದ್ನಲ್ಲ ಮಾವ."

"ನೀ ಫೋನ್ ಮಾಡದ ಇದ್ದಿದ್ರ ನನಗ ಗೊತ್ತ ಆಗ್ತಿರಲಿಲ್ಲ," ಎಂದ ಕಾಳಪ್ಪ. "ಬಿಸಿಲಿಗೆ ಸತ್ವು ಅಂದ್ಕೊಂಡು ಮತ್ತ ಲಾರಿ ಹತ್ತತಿದ್ದೆ."

ತನ್ನ ತಟ್ಟೆಯಲ್ಲಿದ್ದ ಮೀನಿನ ತಲೆಯನ್ನು ಎತ್ತಿ ಅವಳ ತಟ್ಟೆಗೆ ಹಾಕಿದ.

"ಇದು ನಿನ್ನ ಪಾಲು. ಮುಳ್ಳು ನೋಡ್ಕೊಂಡು ತಿನ್ನು."