ಸಹಿ ಇದೆ, ಒಪ್ಪಿಗೆ ಇಲ್ಲ

“ಮಾಸ್ತರ, ಇದ್ರಾಗ ಹೊಡದಾರ ಅಂತ ಎಲ್ಲಿ ಬರದೀರಿ?”

ಸಗರ ಊರಿನ ಮಹಬೂಬಿ ನಾನು ಬರೆದ ಇಂಗ್ಲಿಷ್ ಹೇಳಿಕೆಯ ಮೇಲೆ ಬೆರಳಿಟ್ಟು ಕೇಳಿದಾಗ ತಬ್ಬಿಬ್ಬಾದೆ. ಶಹಾಪುರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿಯೇ ರಿಟೈರ್ ಆದವನು ನಾನು. ‘ಇಲ್-ಟ್ರೀಟ್‌ಮೆಂಟ್’ ಎಂಬ ಪದವನ್ನು ಹುಡುಕಿ ಹಾಕಿದ್ದೆ. ಕೆಟ್ಟದಾಗಿ ನಡೆಸಿಕೊಂಡರು ಎಂದರ್ಥ ಎಂದೆ.

“ಅದು ಅತ್ತಿ ಮನ್ಯಾಗ ಆಗೋದ್ರಿ. ಇವ್ರಿಗಿ ಹೊಡದಾರ.”

ಕಾಟು ಹಾಕಿ ‘ಬೀಟ್’ ಎಂದು ಬರೆದೆ. (ಐದನೇ ಕ್ಲಾಸಿನ ಪದ. ಅದೇ ಸರಿ.)

ಮಹಬೂಬಿ ಬಟ್ಟೆ ಹೊಲಿಯುತ್ತಾಳೆ. ಗಂಡ ಖಾಜಾ ಸುಟ್ಟುಹೋದ ಪಂಪ್‌ಸೆಟ್ ಮೋಟರ್‌ಗಳಿಗೆ ಹೊಸ ತಂತಿ ಸುತ್ತುವವನು. ಯಾರದೋ ಹೊಲದ ಮೋಟರ್ ಕಳುವಾಯಿತು. ಮೋಟರ್ ಬಲ್ಲವನೇ ಕದ್ದಿರಬೇಕು ಎಂದು ಪೊಲೀಸರು ಅವನನ್ನು ಕರೆದೊಯ್ದರು. ಎರಡು ದಿನ ಇಟ್ಟುಕೊಂಡರು. ಮೂರನೇ ದಿನ ನಿಜವಾದ ಕಳ್ಳ ಸಿಕ್ಕ. “ಹೋಗಪಾ” ಎಂದು ಬಿಟ್ಟರು. ಕೇಸಿಲ್ಲ, ಕಾಗದವಿಲ್ಲ. ಖಾಜಾನ ಬಲಗೈಯ ಎರಡು ಬೆರಳು ಮಾತ್ರ ಮಡಚಲು ಬರುತ್ತಿಲ್ಲ.

ದೂರು ಕೊಡೋಣವೆಂದರೆ ಅದೇ ಠಾಣೆ! ಕೊನೆಗೆ ಮಾನವ ಹಕ್ಕುಗಳ ಸಂಘವೊಂದರ ವಕೀಲೆ, ಜಿನೀವಾದಲ್ಲಿ ವಿಶ್ವಸಂಸ್ಥೆಯ ಸಮಿತಿಗಳಿವೆ, ನಡೆದದ್ದನ್ನು ಇಂಗ್ಲಿಷಿನಲ್ಲಿ ಬರೆಸಿ ಕಳಿಸಿ ಎಂದರಂತೆ. ಗಂಡಹೆಂಡತಿ ನನ್ನ ಬಳಿ ಬಂದದ್ದು ಹಾಗೆ.

ಎಲ್ಲವನ್ನೂ ಮಹಬೂಬಿಯೇ ಹೇಳಿದಳು. “ಇಬ್ರು ಸೇರಿ ಹೊಡದ್ರಂತ್ರಿ” ಎಂದಾಗ ಮಾತ್ರ ಖಾಜಾ ಬಾಯಿ ಬಿಟ್ಟ.

“ಇಬ್ರಲ್ಲ. ಮೂರು ಮಂದಿ.”

‘ಥ್ರೀ ಮೆನ್’ ಎಂದು ಬರೆದುಕೊಂಡೆ.

ಹೇಳಿಕೆ ವಕೀಲೆಗೆ ಹೋಯಿತು. ಒಂದು ವಾರಕ್ಕೆ ವಕೀಲೆಯ ಫೋನ್. ಚಿತ್ರಹಿಂಸೆಯ ವಿರುದ್ಧದ ಒಪ್ಪಂದಕ್ಕೆ ಭಾರತ ಸಹಿ ಹಾಕಿದೆ, ಆದರೆ ಅದಕ್ಕೆ ಬದ್ಧವೆಂದು ಇನ್ನೂ ಅನುಮೋದಿಸಿಲ್ಲ. ಹಾಗಾಗಿ ಆ ಒಪ್ಪಂದದ ಸಮಿತಿ ನಮ್ಮ ಸರ್ಕಾರವನ್ನು ವಿಚಾರಿಸುವಂತಿಲ್ಲ. ನಾಗರಿಕ ಹಕ್ಕುಗಳ ಇನ್ನೊಂದು ಒಪ್ಪಂದವನ್ನು ಪೂರ್ತಿ ಒಪ್ಪಿದೆ. ಆದರೆ ಖಾಜಾನಂಥವನು ನೇರವಾಗಿ ದೂರು ಕೊಡುವ ದಾರಿಯನ್ನು ಒಪ್ಪಿಲ್ಲ. ಸಂಘದ ವರದಿಯಲ್ಲಿ ಒಂದು ಸಾಲು ಸೇರಿಸಬಹುದು. ಅದನ್ನು ಹಿಡಿದು ಈ ಎರಡನೇ ಒಪ್ಪಂದದ ಸಮಿತಿ ಸರ್ಕಾರವನ್ನು ಕೇಳಬಹುದು. ಹೆಸರು ಹಾಕುವುದಿಲ್ಲ.

ಅರ್ಥವಾಯಿತೆ? ನನಗೆ ಎರಡು ಸಲ ಕೇಳಿದರೂ ಆಗಲಿಲ್ಲ. ಅದನ್ನೇ ಮಹಬೂಬಿಗೆ ಹೇಳಬೇಕಿತ್ತು.

“ಸಹಿ ಹಾಕ್ಯಾರ, ಒಪ್ಪಿಲ್ಲ ಅಂದ್ರ? ನಮ್ಮ ನಿಕಾಹ್‌ದಾಗ ಮೊದಲು ಕಬೂಲ್ ಅಂತಾರ, ಆಮ್ಯಾಲ ಸಹಿ ಹಾಕ್ತಾರ್ರಿ. ಮತ್ತ ಹೆಸರ ಇಲ್ಲಂದ್ರ ಯಾರಿಗಿ ಹೊಡದ್ರಂತ ತಿಳಿಯೋದು ಹ್ಯಾಂಗ?”

“ಹೆಸರು ಹಾಕಿದ್ರ ನಿಮಗೇ ತ್ರಾಸ್, ತಂಗಿ” ಎಂದೆ.

ಖಾಜಾ ಎದ್ದ. “ಹೆಸರ ಬ್ಯಾಡ್ರಿ. ಮೂರು ಮಂದಿ ಅಂತ ಇರ್ಲಿ.”

ಇದೆ. ವರದಿಯಲ್ಲಿ ಒಂದೇ ಸಾಲು ಇದೆ, ಮೂರು ಮಂದಿ ಎಂದೂ ಇದೆ. ಅವನು ನನ್ನಿಂದ ಅದನ್ನು ಎರಡು ಸಲ ಓದಿಸಿ ಕೇಳಿದ. ಈಗ ಅವರ ಅಂಗಡಿಯಲ್ಲಿ ತಂತಿ ಸುತ್ತುವವಳು ಮಹಬೂಬಿ. ಖಾಜಾ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾನೆ.

ಸುರಪುರದ ನನ್ನ ಗೆಳೆಯನಿಗೆ ಸಿಟ್ಟು ಬಂದಿದೆ. “ನಮ್ಮನಿ ಜಗಳ ಪರದೇಶಕ್ಯಾಕ ಒಯ್ಯತಿ?” ಆ ಒಂದು ಸಾಲಿನಿಂದ ಏನಾದರೂ ಆದೀತೆ? ಗೊತ್ತಿಲ್ಲ. ಬರೆಯದೆ ಇದ್ದಿದ್ದರೆ? ಅದೂ ಗೊತ್ತಿಲ್ಲ. ಆದರೆ ಚಿತ್ರಹಿಂಸೆ ವಿರುದ್ಧದ ಆ ಒಪ್ಪಂದಕ್ಕೆ ಸಹಿ ಹಾಕು ಎಂದು ಜಿನೀವಾದವರು ನಮ್ಮ ಕೈ ಹಿಡಿದು ಬರೆಸಲಿಲ್ಲವಲ್ಲ, ನಾವೇ ಹಾಕಿದ್ದು. ಓಟು ಕೇಳಲು ಬರುವವರಿಗೆ ರಸ್ತೆ, ನೀರು, ಕರೆಂಟು ಕೇಳುತ್ತೇವೆ. ಆ ಸಹಿಗೆ ಒಪ್ಪಿಗೆ ಯಾವಾಗ ಎಂದು ಯಾರಾದರೂ ಕೇಳಿದ್ದೇವೆಯೆ? (ನಾನೂ ಕೇಳಿಲ್ಲ.)

ಕೈಗೆ ಸಿಕ್ಕವನನ್ನು ಹೊಡೆಯುವುದಿಲ್ಲ ಎಂದು ಒಪ್ಪಿಕೊಳ್ಳಲು ಒಂದು ದೇಶಕ್ಕೆ ಇಷ್ಟು ಯೋಚನೆ ಏಕೆ ಬೇಕು?